ಬರ ತಡೆಯುವ ಜೀನ್ ಒಂದನ್ನು ಬೆಳೆಗೆ ಸೇರಿಸಿದರೆ ಸಾಲದೇ?

ಸಾಲದು. ಬರದ ವಿಷಯದಲ್ಲಿ ಜೀನ್ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದು ಯಾವ ಹೊತ್ತಿಗೆ ಕೆಲಸಕ್ಕಿಳಿಯುತ್ತದೆ ಅನ್ನುವುದೇ ದೊಡ್ಡದು.

ಎಲೆಯಿಂದ ನೀರು ಆವಿಯಾಗಿ ಹೋಗುವುದು ಹೆಚ್ಚಾಗಿ ಪತ್ರರಂಧ್ರಗಳ ಮೂಲಕ. ಪ್ರತಿ ರಂಧ್ರಕ್ಕೂ ಎರಡು ಕಾವಲು ಕೋಶ. ಅವು ನೀರು ತುಂಬಿ ಉಬ್ಬಿದರೆ ರಂಧ್ರ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಮಣ್ಣು ಒಣಗತೊಡಗಿದಾಗ ಎನ್‌ಸಿಇಡಿ ಜೀನ್‌ಗಳು ಚುರುಕಾಗಿ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಅದನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳು 2009ರಲ್ಲಿ ಸಿಕ್ಕ ಮೇಲೆ ಮುಂದಿನದ್ದು ತಿಳಿಯಾಯಿತು. ಮಾಮೂಲಿ ದಿನಗಳಲ್ಲಿ ಪಿಪಿ2ಸಿ ಎಂಬ ಕಿಣ್ವ ಸ್ನಾರ್ಕ್2 ಎಂಬ ಇನ್ನೊಂದು ಕಿಣ್ವವನ್ನು ಅದುಮಿ ಇಟ್ಟಿರುತ್ತದೆ. ಹಾರ್ಮೋನು ಬಂದು ಕೂತ ಗ್ರಾಹಕ ಆ ಪಿಪಿ2ಸಿಯನ್ನೇ ಕಟ್ಟಿಹಾಕುತ್ತದೆ. ಬಿಡುಗಡೆಯಾದ ಸ್ನಾರ್ಕ್2 ಕಾವಲು ಕೋಶದ ಪೊರೆಯಲ್ಲಿರುವ ದಾರಿಗಳನ್ನು ತೆರೆಸುತ್ತದೆ. ಲವಣ ಹೊರಗೆ ಹೋಗುತ್ತದೆ, ಅದರ ಬೆನ್ನಿಗೇ ನೀರು. ಕೋಶ ಸೊರಗಿ ರಂಧ್ರ ಮುಚ್ಚುತ್ತದೆ. ನನಗೆ ಇಡೀ ಸಸ್ಯಶಾಸ್ತ್ರದಲ್ಲೇ ಇಷ್ಟು ಚೆಂದದ ಏರ್ಪಾಡು ಮತ್ತೊಂದು ಕಂಡಿಲ್ಲ.

ಆದರೆ ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಕೂಡ ಒಳಗೆ ಬರದು, ಆಹಾರ ತಯಾರಿ ಕುಗ್ಗುತ್ತದೆ. ರಕ್ಷಣೆ ಪುಕ್ಕಟೆಯಲ್ಲ. ಡ್ರೆಬ್1ಎ ಎಂಬ ಜೀನ್ ಹಲವು ರಕ್ಷಣಾ ಜೀನ್‌ಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಜಪಾನಿನ ವಿಜ್ಞಾನಿಗಳು ಪ್ರಯೋಗಗಳಿಗೆ ಬಳಸುವ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಅದನ್ನು ಸದಾ ಚಾಲೂ ಇಟ್ಟಾಗ ಗಿಡ ಬರ ತಡೆಯಿತು, ಆದರೆ ಕುಳ್ಳಾಗಿಯೇ ಉಳಿಯಿತು. ಒಣಗಿದಾಗ ಮಾತ್ರ ಚಾಲೂ ಆಗುವಂತೆ ಮಾಡಿದಾಗ ಬೆಳವಣಿಗೆಗೆ ಅಷ್ಟು ಪೆಟ್ಟು ಬೀಳಲಿಲ್ಲ. 1999ರಲ್ಲಿ ಪ್ರಕಟವಾದ ಕೆಲಸವಿದು.

ಹೊಲದ ಲೆಕ್ಕ ಇನ್ನೂ ಬೇರೆ. ನಾನು ವಿಜಯಪುರದ ಕಡೆಯವನು. ನಮ್ಮ ಹಿಂಗಾರಿ ಬಿಳಿಜೋಳ ಬೆಳೆಯುವುದು ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ. ಸುಗ್ಗಿ ಹೊತ್ತಿಗೆ ನೆಲದ ಬಿರುಕಿನಲ್ಲಿ ಕೈ ತೂರಿಸಬಹುದು. ಜೋಳದಲ್ಲಿ ಕಾಳು ಕಟ್ಟುವವರೆಗೂ ಎಲೆ ಹಸಿರಾಗಿರುವ ಗುಣವೊಂದಿದೆ. ಇಥಿಯೋಪಿಯಾ ಮೂಲದ ಬಿ35 ತಳಿಯಲ್ಲಿ ಅದಕ್ಕೆ ಸಂಬಂಧಿಸಿದ ನಾಲ್ಕು ಮುಖ್ಯ ಜೀನ್ ತಾಣಗಳನ್ನು ಗುರುತಿಸಿದ್ದಾರೆ. ಇವಿದ್ದ ಗಿಡದಲ್ಲಿ ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಕಡಿಮೆ, ಎಲೆಯ ಹರವೂ ಕಡಿಮೆ. ಹಾಗಾಗಿ ಹೂ ಬಿಡುವ ಮುಂಚೆ ನೀರು ಕಡಿಮೆ ಖರ್ಚಾಗಿ ಕಾಳು ತುಂಬುವಾಗ ಬೇರಿಗೆ ಇನ್ನೂ ಸಿಗುತ್ತದೆ.

ನಮ್ಮ ಕಡೆಯ ಹೊಲಗಳಲ್ಲಿ ಶುರುವಿನಲ್ಲಿ ಸೊಕ್ಕಿ ಬೆಳೆದ ಸಾಲುಗಳಲ್ಲೇ ಕೊನೆಗೆ ಕಾಳು ಯಾಕೆ ಜೊಳ್ಳಾಗುತ್ತಿತ್ತು ಎಂದು ಇದನ್ನು ಓದುವಾಗ ನನಗೆ ಹೊಳೆಯಿತು.