ಹಳೆಯ ಮೀನುಗಳು ಚೆನ್ನಾಗಿದ್ದು ಹೊಸ ನಿಯಾನ್ ಟೆಟ್ರಾಗಳು ಮಾತ್ರ ಸಾಯುವುದೇಕೆ?

ಅಕ್ವೇರಿಯಂ ತೊಟ್ಟಿಯಲ್ಲಿ ಗಿಡಗಳು ಸೊಂಪಾಗಿವೆ, ಹಳೆಯ ಮೀನುಗಳಿಗೆ ಏನೂ ಆಗಿಲ್ಲ, ಹೊಸದಾಗಿ ತಂದ ನಿಯಾನ್‌ಗಳು ಮಾತ್ರ ಎರಡು ದಿನದೊಳಗೆ ಸಾಯುತ್ತಿವೆ ಎಂದಿದ್ದೀರಿ. ಯಾವ ಔಷಧ ಹಾಕಲಿ, ಇಲ್ಲವೇ ನಿಯಾನ್ ಬಿಟ್ಟು ಅದರ ಹತ್ತಿರದ ಬಂಧು ಕಾರ್ಡಿನಲ್ ಟೆಟ್ರಾ ತರಲೇ ಎಂದು ಕೇಳಿದ್ದೀರಿ. ಔಷಧವೂ ಬೇಡ, ಕಾರ್ಡಿನಲ್ಲೂ ಬೇಡ. ನಿಮ್ಮದು ಬೆಂಗಳೂರಿನ ಕೊಳವೆಬಾವಿ ನೀರು ಎಂದು ಓದಿದ ಕೂಡಲೇ ನನ್ನ ಹಳೆಯ ತೊಟ್ಟಿ ಕಣ್ಣಮುಂದೆ ಬಂತು.

ನನ್ನದೂ ಎರಡು ಅಡಿಯ ತೊಟ್ಟಿಯೇ. ಹಿಂಭಾಗದಲ್ಲಿ ವ್ಯಾಲಿಸ್ನೇರಿಯಾ ಕಾಡಿನಂತೆ ಬೆಳೆದಿತ್ತು, ಮುಂದೆ ಕ್ರಿಪ್ಟೊಕೊರೈನ್, ಮರದ ತುಂಡಿಗೆ ಕಟ್ಟಿದ ಜಾವಾ ಫರ್ನ್. ಗಪ್ಪಿಗಳು ಮರಿಹಾಕುತ್ತಲೇ ಇದ್ದವು. ಆ ಹಸಿರಿನ ನಡುವೆ ನೀಲಿ-ಕೆಂಪು ಗೆರೆಯ ನಿಯಾನ್‌ಗಳ ಹಿಂಡು ಸುಳಿದಾಡಬೇಕು ಎಂಬುದೊಂದೇ ಆಸೆ. ತಂದಾಗಲೆಲ್ಲ ಅದೇ ಕಥೆ: ಸಂಜೆ ಬಿಟ್ಟರೆ ಮೂಲೆ ಸೇರಿ ಬಣ್ಣ ಕಳೆದುಕೊಂಡು ನಿಲ್ಲುತ್ತಿದ್ದವು, ಬೆಳಿಗ್ಗೆ ಒಂದೆರಡು ತಳದಲ್ಲಿರುತ್ತಿದ್ದವು, ಮರುದಿನ ಉಳಿದವು.

ಅಂಗಡಿಯವರು ‘ನಿಯಾನ್ ರೋಗ’ ಎಂದರು. ಆ ಹೆಸರಿನ ರೋಗ ಇರುವುದು ನಿಜ. ಒಂದು ಸೂಕ್ಷ್ಮ ಪರಾವಲಂಬಿ ಜೀವಿ ಮೀನಿನ ಸ್ನಾಯುವಿನೊಳಗೆ ಸೇರಿಕೊಳ್ಳುತ್ತದೆ. ಮೈಮೇಲೆ ಬಿಳಿಚಿದ ಮಚ್ಚೆ ಏಳುತ್ತದೆ, ಬೆನ್ನು ಬಾಗುತ್ತದೆ, ಮೀನು ನಿಧಾನವಾಗಿ ಸೊರಗುತ್ತದೆ. ನಂಬಬಹುದಾದ ಮದ್ದು ಅದಕ್ಕಿಲ್ಲ. ಆದರೆ ಸಂಜೆ ಬಿಟ್ಟ ಮೀನು ಮರುದಿನ ಸಾಯುವುದು ಆ ರೋಗದ ರೀತಿಯಲ್ಲ. ನಾನು ಅಷ್ಟು ಯೋಚಿಸದೆ ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧ ಸುರಿದೆ. ಗಿಡಗಳು ಕಂಗೆಟ್ಟವು, ಗಾಜಿನ ಮೂಲೆಯ ಸಿಲಿಕೋನ್ ಅಂಟು ಇಂದಿಗೂ ನೀಲಿಯಾಗಿದೆ. ಮೀನಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ಮಾಡಿದರೆ ಎರಡೂ ಸೊನ್ನೆ. ನೀರು ಸರಿಯಿದೆ, ಮೀನೇ ಸರಿಯಿಲ್ಲ ಎಂದು ತೀರ್ಮಾನಿಸಿ ಅಂಗಡಿ ಬದಲಾಯಿಸಿದೆ.

ಕೊನೆಗೆ ಗುಟ್ಟು ಬಯಲಾದದ್ದು ಕುಡಿಯುವ ನೀರಿನ ಆರ್‌ಒ ಯಂತ್ರದ ಸರ್ವೀಸಿಗೆ ಬಂದ ಹುಡುಗನಿಂದ. ಅವನ ಕೈಯಲ್ಲಿ ಟಿಡಿಎಸ್ ಮೀಟರ್ ಇತ್ತು. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುವ, ಪೆನ್ನಿನ ಗಾತ್ರದ ಸಾಧನ ಅದು. ಸುಮ್ಮನೆ ಕುತೂಹಲಕ್ಕೆ ತೊಟ್ಟಿಯಲ್ಲೂ ಅದ್ದಿ ನೋಡಪ್ಪ ಎಂದೆ. ನಲ್ಲಿ ನೀರಿಗೆ 600ರ ಆಸುಪಾಸು ತೋರಿಸಿದ್ದ ಮೀಟರ್ ತೊಟ್ಟಿಯಲ್ಲಿ 1,600 ದಾಟಿತು. “ಇದು ಮೀನಿನ ತೊಟ್ಟಿಯೋ ಉಪ್ಪಿನಕಾಯಿ ಭರಣಿಯೋ ಸರ್?” ಎಂದು ಅವನು ನಕ್ಕ. ನಾನು ನಗಲಿಲ್ಲ. ಅಷ್ಟು ಲವಣ ಎಲ್ಲಿಂದ ಬಂತೆಂದು ಹೊಳೆದುಬಿಟ್ಟಿತ್ತು.

ಆರ್‌ಒ ಯಂತ್ರ ಹೊರಹಾಕುವ ನೀರನ್ನು ನಮ್ಮ ಮನೆಯಲ್ಲಿ ಬಕೆಟ್ಟಿಗೆ ಹಿಡಿಯುತ್ತೇವೆ. ನೆಲ ಒರೆಸಲು ಅದೇ, ಬಾಲ್ಕನಿಯ ಕುಂಡಗಳಿಗೂ ಅದೇ. ನಾನು ಅದನ್ನು ಅಕ್ವೇರಿಯಂಗೂ ಹಾಕುತ್ತಿದ್ದೆ. ಇದನ್ನು ದಡ್ಡತನ ಎಂದು ತಳ್ಳಿಹಾಕಬೇಡಿ, ಇದರ ಹಿಂದೆ ಒಂದು ತರ್ಕವಿತ್ತು. ಯಂತ್ರದಲ್ಲಿ ನೀರು ಮೊದಲು ಇಂಗಾಲದ ಸೋಸಕವನ್ನು ದಾಟಿ ಆಮೇಲೆ ಲವಣ ತಡೆಯುವ ಪೊರೆಗೆ ಹೋಗುತ್ತದೆ, ಆದ್ದರಿಂದ ಹೊರಬೀಳುವ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಮೀನಿಗೆ ಕ್ಲೋರಿನ್ ವಿಷ. ಕ್ಲೋರಿನ್ ಇಲ್ಲದ ನೀರು ಪುಕ್ಕಟೆ ಸಿಗುತ್ತಿರುವಾಗ ಬೇರೆ ನೀರೇಕೆ ಎಂದುಕೊಂಡಿದ್ದೆ. ಪೊರೆ ತಡೆದ ಲವಣವೆಲ್ಲ ಆ ನೀರಿನಲ್ಲೇ ಉಳಿಯುತ್ತದೆ ಎಂಬುದನ್ನು ಮಾತ್ರ ಯೋಚಿಸಲಿಲ್ಲ. ಹತ್ತು ಲೀಟರ್ ಒಳಹೋಗಿ ಮೂರು ಲೀಟರ್ ಕುಡಿಯುವ ನೀರಾದರೆ, ಹತ್ತು ಲೀಟರಿನ ಲವಣ ಹೆಚ್ಚುಕಡಿಮೆ ಪೂರ್ತಿ ಉಳಿದ ಏಳು ಲೀಟರಿನಲ್ಲಿರುತ್ತದೆ. 600 ಇದ್ದದ್ದು ಅಲ್ಲೇ 850ರ ಹತ್ತಿರ ಬರುತ್ತದೆ.

ಅಷ್ಟಕ್ಕೇ ನಿಲ್ಲುವುದೂ ಇಲ್ಲ. ತೊಟ್ಟಿಗೆ ಮುಚ್ಚಳವಿರಲಿಲ್ಲ, ಏಪ್ರಿಲ್ ಬಿಸಿಲು, ಮೇಲೆ ಇಡೀ ದಿನ ತಿರುಗುವ ಫ್ಯಾನು. ನೀರು ಆವಿಯಾಗುತ್ತದೆ, ಲವಣ ಆವಿಯಾಗುವುದಿಲ್ಲ. ಕಡಿಮೆಯಾದಷ್ಟನ್ನು ನಾನು ಮತ್ತೆ ಅದೇ ಬಕೆಟ್ಟಿನಿಂದ ತುಂಬಿಸುತ್ತಿದ್ದೆ. ಪ್ರತಿ ಸಲವೂ ಲವಣ ಒಂದಿಷ್ಟು ಏರುತ್ತಿತ್ತು, ಇಳಿಯುವ ದಾರಿಯೇ ಇರಲಿಲ್ಲ. ಕಮ್ಮಿಯಾದ ನೀರನ್ನು ತುಂಬಿಸುವುದು ಬೇರೆ, ಇದ್ದ ನೀರನ್ನು ತೆಗೆದು ಹೊಸದನ್ನು ಹಾಕುವುದು ಬೇರೆ. ನಾನು ಮೊದಲನೆಯದನ್ನೇ ಎರಡನೆಯದು ಎಂದುಕೊಂಡಿದ್ದೆ. ಗಾಜಿನ ಮೇಲೆ ನೀರಿನ ಮಟ್ಟದಲ್ಲಿ ಬಿಳಿ ಗೆರೆ ಕಟ್ಟಿತ್ತು. ಅದನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದೆನೇ ಹೊರತು ಏನದು ಎಂದು ಕೇಳಿಕೊಳ್ಳಲಿಲ್ಲ.

ಹಾಗಾದರೆ ಹಳೆಯ ಮೀನುಗಳು ಹೇಗೆ ಬದುಕಿದ್ದವು? ಏರಿಕೆ ನಿಧಾನವಾಗಿದ್ದರಿಂದ ಒಗ್ಗಿಕೊಂಡಿದ್ದವು, ಮೇಲಾಗಿ ಗಪ್ಪಿಗಳಿಗೆ ಗಡಸು ನೀರು ಹಿಡಿಸುತ್ತದೆ. ವ್ಯಾಲಿಸ್ನೇರಿಯಾ ಇಂಥ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟನ್ನೇ ಆಹಾರಕ್ಕೆ ಬಳಸಿಕೊಳ್ಳಬಲ್ಲ ಗಿಡ, ಹಾಗಾಗಿ ಅದಕ್ಕೂ ಹಬ್ಬ. ಗಿಡ ಚೆನ್ನಾಗಿದ್ದರೆ ನೀರೂ ಚೆನ್ನಾಗಿದೆ ಎಂದು ನಂಬಬೇಡಿ. ಇನ್ನು ಅಂಗಡಿಯ ನಿಯಾನ್‌ಗಳಿದ್ದ ನೀರು 150ರಷ್ಟಿತ್ತು, ಆಮೇಲೆ ಹೋಗಿ ಅಳೆದೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಹೆಚ್ಚು ಲವಣವಿರುತ್ತದೆ, ಆದ್ದರಿಂದ ಕಿವಿರಿನ ಮೂಲಕ ನೀರು ಸದಾ ಒಳನುಗ್ಗುತ್ತಿರುತ್ತದೆ. ಮೂತ್ರಪಿಂಡ ಅದನ್ನು ಬಿಡುವಿಲ್ಲದೆ ಹೊರಹಾಕುತ್ತಿರುತ್ತದೆ. 150ಕ್ಕೆ ಹೊಂದಿಕೊಂಡ ದೇಹವನ್ನು ಒಮ್ಮೆಲೇ 1,600ಕ್ಕೆ ಬಿಟ್ಟರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಚೀಲವನ್ನು ಕಾಲು ಗಂಟೆ ತೇಲಿಬಿಡಿ ಎನ್ನುತ್ತಾರಲ್ಲ, ಅದರಿಂದ ಸರಿಹೋಗುವುದು ಬಿಸಿ-ತಂಪು ಮಾತ್ರ.

ಈಗ ನಿಮ್ಮ ಕಾರ್ಡಿನಲ್ ವಿಚಾರ. ನಿಯಾನ್‌ಗಳು ಅಮೆಜಾನ್ ಮೂಲದವಾದರೂ ಮಾರುಕಟ್ಟೆಗೆ ಬರುವವು ಬಹುಪಾಲು ಸಾಕಣೆಯವು, ಒಂದಿಷ್ಟು ಗಡಸು ನೀರನ್ನು ತಡೆದುಕೊಳ್ಳುತ್ತವೆ. ಕಾರ್ಡಿನಲ್‌ನ ತವರು ಮುಖ್ಯವಾಗಿ ಅಮೆಜಾನ್ ಸೇರುವ ರಿಯೊ ನೀಗ್ರೊ ನದಿಯ ಕಡೆ. ಅಲ್ಲಿಯ ಕಪ್ಪು ನೀರಿನಲ್ಲಿ ಲವಣ ಮಳೆನೀರಿನಲ್ಲಿರುವಷ್ಟೇ ಅತ್ಯಲ್ಪ. ನಿಯಾನ್ ಉಳಿಯದ ತೊಟ್ಟಿಗೆ ಕಾರ್ಡಿನಲ್ ತರುವುದು ಇನ್ನೂ ಹೆಚ್ಚು ದುಡ್ಡು ಕೊಟ್ಟು ಅದೇ ಫಲ ಪಡೆಯುವ ಕೆಲಸ.

ಮೊದಲು ಒಂದು ಟಿಡಿಎಸ್ ಮೀಟರ್ ಕೊಳ್ಳಿ. ನಲ್ಲಿ ನೀರು, ತೊಟ್ಟಿ, ಅಂಗಡಿಯವರು ಚೀಲದಲ್ಲಿ ಕೊಟ್ಟ ನೀರು, ಮೂರನ್ನೂ ಅಳೆಯಿರಿ. ತೊಟ್ಟಿಯ ಅಳತೆ ನಲ್ಲಿಯದಕ್ಕಿಂತ ಬಹಳ ಮೇಲಿದ್ದರೆ ಗಾಬರಿಯಲ್ಲಿ ಎಲ್ಲ ನೀರನ್ನೂ ಚೆಲ್ಲಬೇಡಿ. ಹಾಗೆ ಮಾಡಿದರೆ ಹಳೆಯ ಮೀನುಗಳಿಗೆ ಉಲ್ಟಾ ಆಘಾತವಾಗುತ್ತದೆ. ವಾರಕ್ಕೊಮ್ಮೆ ಹತ್ತರಲ್ಲೊಂದು ಭಾಗ ತೆಗೆದು ಕಾವೇರಿ ನೀರನ್ನೋ, ಆರ್‌ಒದ ಕುಡಿಯುವ ನೀರು ಬೆರೆಸಿದ ನಲ್ಲಿ ನೀರನ್ನೋ ಹಾಕುತ್ತ ಹೋಗಿ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ. ಆವಿಯಾದಷ್ಟನ್ನು ತುಂಬಿಸಲು ಆರ್‌ಒದ ಕುಡಿಯುವ ನೀರನ್ನೇ ಬಳಸಿ. ಚಾವಣಿ ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದ ಮಳೆನೀರೂ ಆಗುತ್ತದೆ.

ಇಷ್ಟೆಲ್ಲ ಮಾಡಿ ನಿಯಾನ್ ಸಾಕಬಹುದು, ಸಾಕುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ: ಕೊಳವೆಬಾವಿ ನೀರಿನ ಮನೆಗೆ ಹಿಂಡಿನ ಮೀನೆಂದರೆ ಜೀಬ್ರಾ ಡ್ಯಾನಿಯೊ. ಅದು ನಮ್ಮದೇ ಉಪಖಂಡದ ಮೀನು. 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್, ಗಂಗೆಯ ಮೀನುಗಳ ಬಗ್ಗೆ ಬರೆಯುತ್ತ 1822ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಗಡಸು ನೀರಿಗೆ ಜಗ್ಗುವುದಿಲ್ಲ, ನಮ್ಮ ಚಳಿಗಾಲಕ್ಕೆ ಹೀಟರ್ ಕೇಳುವುದಿಲ್ಲ. ಅಗ್ಗದ ಮೀನೆಂದು ಅಂಗಡಿಯವರು ಮೂಲೆಯ ತೊಟ್ಟಿಯಲ್ಲಿ ಇಟ್ಟಿರುತ್ತಾರೆ, ಕೇಳಿದರೆ ತೋರಿಸುತ್ತಾರೆ. ಜೋಡಿ ಲೆಕ್ಕದಲ್ಲಿ ನಾಲ್ಕು ಬಗೆ ತರಬೇಡಿ. ಒಂದೇ ಬಗೆಯವು ಹತ್ತು-ಹನ್ನೆರಡು ಇರಲಿ, ಆಗ ಅವುಗಳ ಓಟ ನೋಡಬೇಕು. ರೋಸಿ ಬಾರ್ಬ್ ಕೂಡ ಗಟ್ಟಿ ಮೀನೇ, ಆದರೆ ಎರಡು ಅಡಿ ಅದಕ್ಕೆ ಇಕ್ಕಟ್ಟು, ಜೊತೆಗೆ ಎಳೆಯ ಎಲೆಗಳನ್ನು ಕಚ್ಚುವ ಚಾಳಿಯಿದೆ.

ಡ್ಯಾನಿಯೊ ಎಗರುವ ಮೀನು, ಆದ್ದರಿಂದ ತೊಟ್ಟಿಗೆ ಮುಚ್ಚಳ ಮಾಡಿಸಿ. ನನ್ನದಕ್ಕೆ ಬೀದಿಯ ಗಾಜಿನ ಅಂಗಡಿಯವರೇ ಅಳತೆಗೆ ಕತ್ತರಿಸಿ, ಆಹಾರ ಹಾಕಲು ಒಂದು ಮೂಲೆ ಬಿಟ್ಟು ಕೊಟ್ಟರು. ಅದಾದ ಮೇಲೆ ನೀರು ತುಂಬಿಸುವ ಕೆಲಸವೂ ಅರ್ಧಕ್ಕಿಳಿದಿದೆ.