1/16 ಟೈಗರ್ ಟ್ಯಾಂಕಿನ ಟ್ರ್ಯಾಕ್ ಜೋತು ಬೀಳದಿದ್ದರೆ

ನಿಮ್ಮ ರಿಮೋಟ್ ಟೈಗರ್‌ನ (ನಿಜವಾದ ಟ್ಯಾಂಕಿನ ಹದಿನಾರನೇ ಒಂದು ಅಳತೆಯ ಮಾದರಿ) ಟ್ರ್ಯಾಕ್, ಅಂದರೆ ಕೊಂಡಿಗಳ ಪಟ್ಟಿ, ಚಕ್ರಗಳ ಮೇಲೆ ಕೂರದೆ ತಂತಿಯ ಹಾಗೆ ಬಿಗಿದು ನಿಂತಿರೋದಕ್ಕೆ ಬಹುಶಃ ಹಿಂತುದಿಯಲ್ಲಿ ಅದನ್ನು ಬಿಗಿಯಾಗಿ ಹಿಡಿಯುವ ಐಡ್ಲರ್ ಚಕ್ರವೇ ಕಾರಣ. ಪ್ಲಾಸ್ಟಿಕ್ ಕೊಂಡಿಗಳೂ ತೀರಾ ಹಗುರ. ನಿಜವಾದ ಟೈಗರ್‌ಗೆ ರಿಟರ್ನ್ ರೋಲರ್ (ಟ್ರ್ಯಾಕಿನ ಮೇಲ್ಭಾಗವನ್ನು ಎತ್ತಿ ಹಿಡಿಯುವ ಸಣ್ಣ ಚಕ್ರ) ಇಲ್ಲ ಅಲ್ವಾ, ಟ್ರ್ಯಾಕ್ ದೊಡ್ಡ ಚಕ್ರಗಳ ಮೇಲೇ ಮಲಗುತ್ತದೆ.

ಮೊದಲು ಐಡ್ಲರನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಅದು ಅಲುಗದ ಮಾದರಿಯಾದರೆ ಒಂದು ಕೊಂಡಿ ಸೇರಿಸಿ. ಮುಂತುದಿಯ ಸ್ಪ್ರಾಕೆಟ್ (ಟ್ರ್ಯಾಕನ್ನು ಎಳೆಯುವ ಹಲ್ಲಿನ ಚಕ್ರ) ಹತ್ತಿರ ಟ್ರ್ಯಾಕ್ ಇಳಿದು ಮೊದಲ ಚಕ್ರವನ್ನು ಮುಟ್ಟಿದರೆ ಸಾಕು. ಇನ್ನೂ ಸಡಿಲಿಸಿದರೆ ತಿರುಗುವಾಗ ಕಳಚುತ್ತದೆ.

ಆಮೇಲೂ ಕೂರದಿದ್ದರೆ ಲೋಹದ ಟ್ರ್ಯಾಕ್ ಹಾಕಿ, ಜೊತೆಗೆ ಲೋಹದ ಸ್ಪ್ರಾಕೆಟ್ ಕೂಡ. ನಾನು ಲೋಹದ ಟ್ರ್ಯಾಕಿಗೆ ಹಳೇ ಪ್ಲಾಸ್ಟಿಕ್ ಸ್ಪ್ರಾಕೆಟನ್ನೇ ಉಳಿಸಿಕೊಂಡಿದ್ದೆ. ಹಲ್ಲುಗಳ ತುದಿ ಸವೆದು ಬುಡದಲ್ಲಿ ಪುಡಿ ಕೂತಿತ್ತು. ಗಟ್ಟಿ ನೆಲದ ಮೇಲೆ ಎರಡೂ ಕಡೆ ತಿರುಗಿಸಿ ನೋಡಿ, ಕಳಚದಿದ್ದರೆ ಮಾತ್ರ ಬಣ್ಣ ಹಚ್ಚಿ.