ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು: ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ

ಪ್ರಶ್ನೆ: ನಮ್ಮದು ತುಮಕೂರು. ಕೆಲಸಕ್ಕೆ ವಾರದಲ್ಲಿ ಮೂರು ದಿನ ಪೀಣ್ಯಕ್ಕೆ ಓಡಾಡುತ್ತೇನೆ. 2022ರ ಕೊನೆಯಲ್ಲಿ ರಿಜಿಸ್ಟರ್ ಆದ ಟೊಯೋಟಾ ಹೈರೈಡರ್ ಹೈಬ್ರಿಡ್ ಒಂದು ನೋಡಿದ್ದೇನೆ. 58 ಸಾವಿರ ಕಿ.ಮೀ. ಓಡಿದೆ, ಒಬ್ಬರೇ ಓನರ್. ಮನೆಯಲ್ಲಿ ಮಾತ್ರ ಎಲ್ಲರೂ ಬ್ಯಾಟರಿ ಹೋದರೆ ಏನು ಗತಿ ಅಂತ ಹೆದರಿಸುತ್ತಿದ್ದಾರೆ. ತಗೊಳ್ಳಬಹುದಾ? ಏನೇನು ನೋಡಬೇಕು?

ಉತ್ತರ: ಬ್ಯಾಟರಿ ವಿಷಯಕ್ಕೆ ಬರುತ್ತೇನೆ, ಅದಕ್ಕೂ ಮುಂಚೆ ಒಂದು ಮಾತು. ಅದು ನಿಜವಾಗಿಯೂ ಸ್ಟ್ರಾಂಗ್ ಹೈಬ್ರಿಡ್ಡೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಹೈರೈಡರ್‌ನಲ್ಲಿ ಎರಡು ಥರ ಇದೆ. ನಿಯೋ ಡ್ರೈವ್ ಅಂತ ಬರುವುದು ಮೈಲ್ಡ್ ಹೈಬ್ರಿಡ್, ಅದರ ಮೋಟಾರ್ ಇಂಜಿನ್‌ಗೆ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೆ, ಕಾರನ್ನು ತಾನೊಂದೇ ಎಳೆಯುವುದಿಲ್ಲ. ಇನ್ನೊಂದು ಸ್ಟ್ರಾಂಗ್ ಹೈಬ್ರಿಡ್, ಟ್ರಾಫಿಕ್‌ನಲ್ಲಿ ಇಂಜಿನ್ ಆಫ್ ಆಗಿ ಬರೀ ಕರೆಂಟಿನಲ್ಲಿ ಓಡುತ್ತದೆ. ಮಾರುತಿ ಗ್ರ್ಯಾಂಡ್ ವಿಟಾರದ್ದೂ ಇದೇ ಕಥೆ, ಎರಡೂ ತಯಾರಾಗುವುದು ನಮ್ಮ ಬಿಡದಿಯಲ್ಲೇ. ಹೊರಗಿನಿಂದ ನೋಡಿದರೆ ಅಣ್ಣ ತಮ್ಮ ಇದ್ದ ಹಾಗೆ ಇರುತ್ತವೆ, ಬೆಲೆಯಲ್ಲಿ ಮಾತ್ರ ಲಕ್ಷಗಳ ವ್ಯತ್ಯಾಸ. ಆರ್‌ಸಿಯಲ್ಲಿ ಇಂಧನದ ಜಾಗದಲ್ಲಿ "ಪೆಟ್ರೋಲ್/ಹೈಬ್ರಿಡ್" ಅಂತ ಇದ್ದ ಮಾತ್ರಕ್ಕೆ ನಂಬಬೇಡಿ, ಮೈಲ್ಡ್ ಗಾಡಿಗಳ ಆರ್‌ಸಿಯಲ್ಲೂ ಹಾಗೇ ಬರುತ್ತದೆ. ಕಾರಿನಲ್ಲಿ ಕೂತು ನೋಡಿ. ಕ್ಲಚ್ ಇದ್ದರೆ ಅದು ಸ್ಟ್ರಾಂಗ್ ಅಲ್ಲವೇ ಅಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಇವಿ ಅಂತ ಒಂದು ಬಟನ್ ಇರುತ್ತದೆ, ಗೇರ್ ಲಿವರ್‌ನಲ್ಲಿ "ಡಿ" ಆದ ಮೇಲೆ "ಬಿ" ಇರುತ್ತದೆ, ಸ್ಟಾರ್ಟ್ ಬಟನ್ ಒತ್ತಿದರೆ ಸದ್ದಿಲ್ಲದೆ "ರೆಡಿ" ಅಂತ ದೀಪ ಬರುತ್ತದೆ. ಬಾನೆಟ್ ಎತ್ತಿದರೆ ದಪ್ಪನೆಯ ಕಿತ್ತಳೆ ಬಣ್ಣದ ವೈರ್‌ಗಳು ಕಾಣುತ್ತವೆ. ಅವು ಹೈ ವೋಲ್ಟೇಜ್ ವೈರ್‌ಗಳು, ನೋಡಿ ಸಾಕು, ಕೈ ಹಾಕಬೇಡಿ.

ಈಗ ಬ್ಯಾಟರಿ. ಟೊಯೋಟಾ, ಮಾರುತಿ, ಹೋಂಡಾ ಮೂರೂ ನಮ್ಮ ದೇಶದಲ್ಲಿ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷದ 60 ಸಾವಿರ ಕಿ.ಮೀ. ವಾರಂಟಿ ಕೊಡುತ್ತವೆ, ಯಾವುದು ಮೊದಲೋ ಅದು. ನಿಮ್ಮ ಲೆಕ್ಕ ಹಾಕೋಣ. 2022ರ ಕೊನೆಯ ಗಾಡಿ ಅಂದರೆ 2030ರ ಕೊನೆಯವರೆಗೆ ವಾರಂಟಿ. ಕಿ.ಮೀ. ಲೆಕ್ಕದಲ್ಲಿ ಇನ್ನೂ 1 ಲಕ್ಷದ 2 ಸಾವಿರ ಉಳಿದಿದೆ. ತುಮಕೂರಿನಿಂದ ಪೀಣ್ಯಕ್ಕೆ ಹೋಗಿ ಬರಲು ಹತ್ತಿರ ಹತ್ತಿರ 120 ಕಿ.ಮೀ., ವಾರಕ್ಕೆ 360, ವರ್ಷಕ್ಕೆ 18 ಸಾವಿರ ಚಿಲ್ಲರೆ. ಅಂದರೆ ನಿಮಗೆ ಕಿ.ಮೀ.ಗಿಂತ ತಾರೀಖೇ ಮೊದಲು ಮುಗಿಯುತ್ತದೆ. ಅಲ್ಲಿಯವರೆಗೆ ಬ್ಯಾಟರಿ ಖರ್ಚಿನ ಭಯ ಇಟ್ಟುಕೊಳ್ಳಬೇಕಿಲ್ಲ, ಆದರೆ ಆ ವಾರಂಟಿ ಈಗಲೂ ಜೀವಂತ ಇದೆಯಾ ಅನ್ನೋದನ್ನು ಮಾರುವವರ ಬಾಯಿಂದ ಕೇಳಿ ಬಿಡಬೇಡಿ. ಚಾಸಿಸ್ ನಂಬರ್ ಹಿಡಿದುಕೊಂಡು ಟೊಯೋಟಾ ಶೋರೂಮಿಗೆ ಹೋಗಿ ವಿಚಾರಿಸಿ. ಹೊರಗೆ ಎಲ್ಲೋ ವೈರಿಂಗ್ ಕತ್ತರಿಸಿ ಎಕ್ಸ್‌ಟ್ರಾ ಲೈಟ್, ಆಂಪ್ಲಿಫೈಯರ್ ಹಾಕಿಸಿದ್ದರೆ ವಾರಂಟಿಗೆ ತಕರಾರು ಬರಬಹುದು. ಹೋದಾಗಲೇ ಇನ್ನೊಂದು ಕೇಳಿ. 2022ರ ಡಿಸೆಂಬರ್‌ನಲ್ಲಿ ಸೀಟ್ ಬೆಲ್ಟ್ ವಿಷಯಕ್ಕೆ, 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ವಿಷಯಕ್ಕೆ ಕೆಲವು ಹೈರೈಡರ್‌ಗಳನ್ನು ಕಂಪನಿ ವಾಪಸ್ ಕರೆಸಿತ್ತು. ನೀವು ನೋಡಿರುವ ಗಾಡಿ ಅದೇ ಸಮಯದ್ದು, ಹಾಗಾಗಿ ಅದೂ ಆ ಪಟ್ಟಿಯಲ್ಲಿತ್ತಾ, ಇದ್ದರೆ ಕೆಲಸ ಆಗಿದೆಯಾ ಅಂತ ತಿಳಿದುಕೊಳ್ಳಿ.

ಕಾರು ನೋಡೋಕೆ ಬೆಳಗ್ಗೆ ಹೋಗಿ, ಮುಂಚೆಯೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿ ಹೋಗಿ. ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಿರಬೇಕು. ಟೆಸ್ಟ್ ಡ್ರೈವ್ ಅರ್ಧ ಗಂಟೆಯಾದರೂ ಇರಲಿ, ಟ್ರಾಫಿಕ್ಕೂ ಇರಲಿ, ಒಂದು ಏರೂ ಇರಲಿ. ಪರದೆಯಲ್ಲಿ ಬ್ಯಾಟರಿ ಚಾರ್ಜ್ ತೋರಿಸುವ ಗೆರೆಗಳ ಮೇಲೆ ಕಣ್ಣಿಡಿ. ಅದು ಪೂರ್ತಿ ತುಂಬಿಲ್ಲ ಅಂತ ಗಾಬರಿ ಬೇಡ, ಬ್ಯಾಟರಿ ಬಾಳಿಕೆ ಬರಲಿ ಅಂತ ಕಾರೇ ಅದನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಖಾಲಿ ಮಾಡುವುದೂ ಇಲ್ಲ. ನೋಡಬೇಕಾದ್ದು ಗೆರೆಗಳು ಏರಿಳಿಯುವ ವೇಗ. ಆರೋಗ್ಯವಾಗಿರುವ ಬ್ಯಾಟರಿಯಲ್ಲಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತವೆ. ಸೊರಗಿದ ಬ್ಯಾಟರಿ ಇಳಿಜಾರಿನಲ್ಲಿ ಪಟ್ಟನೆ ತುಂಬಿದ ಹಾಗೆ ತೋರಿಸಿ, ಏರು ಬಂದ ತಕ್ಷಣ ಪಟ್ಟನೆ ಬರಿದಾಗುತ್ತದೆ. ಏರಿನಲ್ಲಿ ಇಂಜಿನ್ ಜೋರಾಗಿ ಕೂಗಿದರೆ ಅದು ದೋಷ ಅಲ್ಲ, ಇ-ಸಿವಿಟಿ, ಅಂದರೆ ಹಂತ ಹಂತದ ಗೇರ್ ಇಲ್ಲದ ಆಟೋಮ್ಯಾಟಿಕ್ ಇರುವ ಕಾರುಗಳ ಸ್ವಭಾವವೇ ಹಾಗೆ.

ಬ್ರೇಕ್ ಬಗ್ಗೆ ಎರಡು ಮಾತು. ಹೈಬ್ರಿಡ್‌ನಲ್ಲಿ ಅರ್ಧ ಬ್ರೇಕ್ ಕೆಲಸ ಮೋಟಾರೇ ಮಾಡಿಬಿಡುತ್ತದೆ, ಆಗ ಬ್ಯಾಟರಿ ಚಾರ್ಜ್ ಆಗುತ್ತದೆ. ಹಾಗಾಗಿ ಪ್ಯಾಡ್‌ಗಳು ತುಂಬಾ ವರ್ಷ ಬರುತ್ತವೆ, ಆದರೆ ಬಳಕೆ ಕಡಿಮೆಯಾಗಿ ಡಿಸ್ಕ್ ತುಕ್ಕು ಹಿಡಿಯುತ್ತದೆ, ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್‌ಗಳು ಜಾಮ್ ಆಗುತ್ತವೆ. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ.

ಆಮೇಲೆ ಗಾಳಿ ಜಾಲರಿ. ಇದನ್ನು ನೋಡುವವರೇ ಇಲ್ಲ, ನನ್ನ ಕೇಳಿದರೆ ಇದೇ ಮುಖ್ಯ. ಈ ಬ್ಯಾಟರಿಗಳು ಹೆಚ್ಚಾಗಿ ಕಾರಿನ ಒಳಗಿನ ಗಾಳಿ ಎಳೆದುಕೊಂಡೇ ತಣ್ಣಗಾಗುವುದು. ಜಾಲರಿ ಎಲ್ಲಿದೆ ಅಂತ ಕಾರಿನ ಜೊತೆ ಬರುವ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಅದು ಧೂಳಿನಿಂದ ಮುಚ್ಚಿದ್ದರೆ, ಅಥವಾ ಅದರ ಮುಂದೆ ಸಾಮಾನು ತುರುಕಿ ಓಡಿಸಿದ್ದರೆ, ಬ್ಯಾಟರಿ ಬೇಸಿಗೆ ಪೂರ್ತಿ ಬೆಂದಿರುತ್ತದೆ ಅಂತಲೇ ಅರ್ಥ.

ಕೊನೆಗೆ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಈ ಸೈಜಿನ ಹೈಬ್ರಿಡ್‌ಗಳ ಮೇಲಿನ ಒಟ್ಟು ತೆರಿಗೆ ಶೇ 43ರಿಂದ ಶೇ 40ಕ್ಕೆ ಇಳಿದಿದೆ. ಮಾರುವವರು ತಾವು ಆವತ್ತು ಕೊಟ್ಟ ಇನ್‌ವಾಯ್ಸ್ ತೋರಿಸಿ ಬೆಲೆ ಕೇಳುತ್ತಾರೆ. ನೀವು ಇವತ್ತಿನ ಹೊಸ ಕಾರಿನ ಬೆಲೆ ಎದುರಿಗಿಟ್ಟುಕೊಂಡು ಮಾತಾಡಿ. ಮೈಲೇಜ್ ವಿಷಯದಲ್ಲೂ ಒಂದು ಮಾತು ಹೇಳಿಬಿಡಬೇಕು, ಕಂಪನಿ ಹೇಳುವ ಲೀಟರ್‌ಗೆ 27.97 ಕಿ.ಮೀ. ಅನ್ನೋದು ಪರೀಕ್ಷೆಯ ಲೆಕ್ಕ. ಹೈಬ್ರಿಡ್‌ನ ಲಾಭ ನಿಮಗೆ ಸಿಗುವುದು ನೆಲಮಂಗಲ ದಾಟಿ ಬೆಂಗಳೂರಿನ ಕಡೆ, ನಿಂತು ನಿಂತು ಹೋಗುವಲ್ಲಿ. ಹೈವೇಯಲ್ಲಿ ಒಂದೇ ಸಮ 100ರಲ್ಲಿ ಹೋಗುವಾಗ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಇಷ್ಟೆಲ್ಲಾ ಸರಿ ಇದ್ದರೆ ಧೈರ್ಯವಾಗಿ ತಗೊಳ್ಳಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ದೆಹಲಿ ನಂಬರಿನ 2014ರ ಕ್ಯಾಮ್ರಿ ಹೈಬ್ರಿಡ್ ತುಂಬಾ ಕಡಿಮೆಗೆ ಬರುತ್ತಿದೆ. ಅಷ್ಟು ದೊಡ್ಡ ಕಾರು ಈ ರೇಟಿಗೆ ಬಿಡಲು ಮನಸ್ಸಿಲ್ಲ. ಏನಂತೀರಿ?

ಉತ್ತರ: ಮನಸ್ಸಿಲ್ಲ ಅನ್ನೋದು ಗೊತ್ತಾಗುತ್ತಿದೆ, ಅದಕ್ಕೇ ನನ್ನ ಅನುಭವವನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಭಾವಮೈದುನನ ಜೊತೆ ಇದೇ ಮಾಡೆಲ್ ನೋಡೋಕೆ ಹೋಗಿದ್ದೆ. ಮಾರುತ್ತಿದ್ದವರು ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರಿ. ಕಾರು ಫಳಫಳ ಹೊಳೆಯುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಒಂದು ಎಚ್ಚರಿಕೆ ದೀಪವೂ ಇರಲಿಲ್ಲ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಹುಡುಗ ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದ. ದೋಷ ಒಂದೂ ಇಲ್ಲ ಅಂತಲೇ ಬಂತು. ಆದರೆ ಅವನು ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಪುಟ ತೆಗೆದು ತೋರಿಸಿದ. ದೋಷದ ಕೋಡ್ ಅಳಿಸಿದ ಮೇಲೆ ಓಡಿದ ದೂರ 11 ಕಿ.ಮೀ. ಅಂದರೆ ನಾವು ಬರುವ ಸ್ವಲ್ಪ ಮುಂಚೆ ಯಾರೋ ದೋಷಗಳನ್ನೆಲ್ಲಾ ಒರೆಸಿ ಹಾಕಿದ್ದರು.

ನಾನು ಹಿಂದಿನ ಸೀಟಿನ ಹತ್ತಿರದ ಗಾಳಿ ಜಾಲರಿಯ ಮುಚ್ಚಳ ಎಳೆದೆ. ಒಳಗೆ ನಾಯಿ ಕೂದಲು ಮತ್ತು ಧೂಳು ಸೇರಿ ಹಳೇ ಹಾಸಿಗೆಯ ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು, ಮಧ್ಯೆ ಒಂದು ಚಾಕ್ಲೇಟ್ ಕಾಗದ. ಬೆರಳಲ್ಲಿ ಎತ್ತಿದರೆ ಚಾಪೆಯ ಹಾಗೆ ಇಡೀ ಎದ್ದು ಬಂತು. ಓಡಿಸಿ ನೋಡಿದಾಗ ಒಂದು ಏರಿನಲ್ಲಿ ಆರು ಗೆರೆ ಇದ್ದ ಚಾರ್ಜ್ ಎರಡು ನಿಮಿಷದೊಳಗೆ ಎರಡಕ್ಕೆ ಇಳಿಯಿತು. ವಾಪಸ್ ಬರುವಾಗ ಎಚ್ಚರಿಕೆ ದೀಪ ಬಂದೇ ಬಿಟ್ಟಿತು, ಕೋಡ್ ಪಿ0ಎ80. ಟೊಯೋಟಾ ಹೈಬ್ರಿಡ್‌ಗಳಲ್ಲಿ ಅದರ ಅರ್ಥ ಬ್ಯಾಟರಿ ಪ್ಯಾಕ್ ಬದಲಿಸಿ ಅಂತ. ಅವತ್ತು ಆ ಹುಡುಗ ಸ್ಕ್ಯಾನರ್ ತರದೇ ಇದ್ದಿದ್ದರೆ ನನ್ನ ಭಾವಮೈದುನ ಅಲ್ಲೇ ಅಡ್ವಾನ್ಸ್ ಕೊಟ್ಟು ಬರುತ್ತಿದ್ದ. ಈಗ ನೆನೆಸಿಕೊಂಡರೂ ಎದೆ ಝಲ್ ಅನ್ನುತ್ತದೆ.

ನಿಮ್ಮ ಕಾರಿಗೆ ಕಂಪನಿಯ ವಾರಂಟಿ ಯಾವತ್ತೋ ಮುಗಿದಿದೆ. ಹಾಗಾಗಿ ದುಡ್ಡು ಕೊಟ್ಟಾದರೂ ಸರಿ, ಟೊಯೋಟಾ ವರ್ಕ್‌ಶಾಪ್‌ನಲ್ಲಿ ಹೈಬ್ರಿಡ್ ಸಿಸ್ಟಮ್ ಪೂರ್ತಿ ಚೆಕ್ ಮಾಡಿಸಿ. ಬ್ಯಾಟರಿಯ ಒಂದೊಂದು ಬ್ಲಾಕಿನ, ಅಂದರೆ ಸೆಲ್‌ಗಳ ಗುಂಪಿನ ವೋಲ್ಟೇಜೂ ಬೇರೆ ಬೇರೆ ನೋಡಿ ಅಂತ ಕೇಳಿ, ಕಾರಿನ ಮೇಲೆ ಲೋಡ್ ಬಿದ್ದಾಗ ಒಂದು ಬ್ಲಾಕ್ ಮಾತ್ರ ಉಳಿದವಕ್ಕಿಂತ ಕೆಳಗೆ ಬಿದ್ದರೆ ಅಲ್ಲೇ ಕಾಯಿಲೆ ಇದೆ. ಬ್ರೇಕ್ ಕೂಡ ಪರೀಕ್ಷಿಸಿ. "ರೆಡಿ" ಬಂದ ಮೇಲೆ ಸುಮ್ನೆ ಕೂತು ಕಿವಿ ಕೊಡಿ. ಬ್ರೇಕ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅಂದು ನಿಂತರೆ ಸರಿ. ಬ್ರೇಕ್ ತುಳಿಯದೇ ಇದ್ದರೂ ಮತ್ತೆ ಮತ್ತೆ ಗುಂಯ್ ಅನ್ನುತ್ತಿದ್ದರೆ ಬ್ರೇಕ್‌ಗೆ ಒತ್ತಡ ಕೊಡುವ ಆಕ್ಚುಯೇಟರ್ ಹೋಗುತ್ತಿದೆ ಅಂತ, ಅದೂ ದುಬಾರಿ ಕೆಲಸ. ಇಂಜಿನ್ ಕೂಲೆಂಟ್ ಡಬ್ಬಿ ಅಲ್ಲದೆ ಬ್ಯಾಟರಿ ಕರೆಂಟನ್ನು ಮೋಟಾರಿಗೆ ಹೊಂದಿಸಿ ಕೊಡುವ ಇನ್ವರ್ಟರ್‌ಗೇ ಬೇರೆ ಕೂಲೆಂಟ್ ಡಬ್ಬಿ ಇದೆ, ಎರಡೂ ನೋಡಿ.

ಇನ್ನು ಕಾಗದ. ದೆಹಲಿಯಿಂದ ಎನ್‌ಒಸಿ, ಅಂದರೆ ಫಾರಂ 28 ಬೇಕು. ಸಾಲ ಇದ್ದರೆ ಫಾರಂ 35 ಮೇಲೆ ಬ್ಯಾಂಕಿನ ಸಹಿ ಬೇಕು. ಓನರ್ ಹೆಸರು ಬದಲಿಸಲು 29 ಮತ್ತು 30. ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಗಾಡಿಯ ವಯಸ್ಸು ನೋಡಿ ದರ ಕಡಿಮೆ ಆಗುತ್ತದೆ, ಆದರೂ ಕ್ಯಾಮ್ರಿಯಂಥ ಕಾರಿಗೆ ಸಣ್ಣ ಮೊತ್ತ ಅಲ್ಲ, ಮೊದಲೇ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ. 2029ಕ್ಕೆ 15 ವರ್ಷ ತುಂಬಿ ಮತ್ತೆ ಎಫ್‌ಸಿ ಮಾಡಿಸಬೇಕು. ಕಾರಿನ ಬೆಲೆ, ಟ್ಯಾಕ್ಸ್, ಒಂದು ಬ್ಯಾಟರಿ ಪ್ಯಾಕ್, ಮೂರನ್ನೂ ಕೂಡಿಸಿದ ಮೇಲೂ ಅಗ್ಗ ಅನಿಸಿದರೆ ಮಾತ್ರ ಮುಂದುವರಿಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಬೇಡ.

ಪ್ರಶ್ನೆ: ಬೆಂಗಳೂರಿನಲ್ಲಿ ಹೋಂಡಾ ಸಿಟಿ ಹೈಬ್ರಿಡ್ 2022ರದ್ದು ನೋಡಿದ್ದೇವೆ. ನೀರಿನಲ್ಲಿ ಮುಳುಗಿದ ಕಾರಾ ಅಂತ ಕಂಡುಹಿಡಿಯೋದು ಹೇಗೆ? ನಾವು ಶಿವಮೊಗ್ಗದವರು, ಹೋಗಿ ಬಂದು ನೋಡೋದು ಕಷ್ಟ.

ಉತ್ತರ: ಕಷ್ಟ ಆದರೂ ಒಂದು ಸಲ ಹೋಗಲೇಬೇಕು. ಆ ಮಾಡೆಲ್ ಬಂದಿದ್ದು 2022ರ ಮೇ ತಿಂಗಳಲ್ಲಿ. ಅದೇ ವರ್ಷ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದನ್ನು ನಾವೆಲ್ಲಾ ಟಿವಿಯಲ್ಲಿ ನೋಡಿದ್ದೇವೆ. ನಿಮ್ಮ ಅನುಮಾನ ನ್ಯಾಯವಾದದ್ದೇ.

ಮೊದಲು ಇನ್ಶೂರೆನ್ಸ್ ಹಿಸ್ಟರಿ ಕೇಳಿ, ಯಾವ ವರ್ಷ ಎಷ್ಟು ಕ್ಲೈಮ್ ಆಗಿದೆ ಅಂತ ಕಾಗದದಲ್ಲಿ ಬೇಕು. ಕಾರಿನ ಹತ್ತಿರ ಹೋದಾಗ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತೊಳೆಯುವವರು ಮೇಲಿನ ಎರಡು ಅಡಿ ತೊಳೆಯುತ್ತಾರೆ, ಒಳಗೆ ಸುತ್ತಿಕೊಂಡಿರುವ ತುದಿಯಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿ ತುಕ್ಕು ಹಿಡಿದಿದೆಯಾ, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ ಬರುತ್ತದಾ ನೋಡಿ. ಈ ಕಾರಿನ ಬ್ಯಾಟರಿ ಡಿಕ್ಕಿ ಕಡೆ ಇದೆ, ಅದಕ್ಕೇ ಡಿಕ್ಕಿ 506 ಲೀಟರ್‌ನಿಂದ 306ಕ್ಕೆ ಇಳಿದಿರೋದು. ಅಲ್ಲಿಯ ಹಾಸು ಎತ್ತಿ ಮೂಲೆಗಳಲ್ಲಿ ಮಣ್ಣಿನ ಪುಡಿ, ಕನೆಕ್ಟರ್‌ಗಳ ಮೇಲೆ ಬಿಳಿ ಅಥವಾ ಹಸಿರು ಕಿಲುಬು ಇದೆಯಾ ಹುಡುಕಿ. ಸ್ಕ್ಯಾನ್ ಮಾಡಿಸುವಾಗ ಪಿ0ಎಎ6 ಅನ್ನುವ ಕೋಡ್ ಬಂದರೆ ಹೈ ವೋಲ್ಟೇಜ್ ಕರೆಂಟ್ ಬಾಡಿಗೆ ಸೋರುತ್ತಿದೆ ಅಂತ. ನೀರಿನ ಸುಳಿವು ಸಿಕ್ಕಿದ ಹೈಬ್ರಿಡ್ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಪೆಟ್ರೋಲ್ ಕಾರಾದರೆ ವೈರಿಂಗ್ ಬದಲಿಸಿ ಹೇಗೋ ಓಡಿಸಬಹುದು ಅಂತ ಹೇಳುವವರಿದ್ದಾರೆ, ಇದರಲ್ಲಿ ಆ ಮಾತು ನಡೆಯುವುದಿಲ್ಲ, ಒಳಗೆ ಕೂರುವವರು ನಿಮ್ಮ ಮಕ್ಕಳು.

ಇಲಿ ಕಡಿದ ಗುರುತೂ ನೋಡಿ, ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳಿಗೆ ಅದರ ಕಾಟ ಜಾಸ್ತಿ. ಆ ಕಿತ್ತಳೆ ವೈರ್ ಒಂದು ಕಡಿದಿದ್ದರೂ ಸುಮ್ನೆ ಟೇಪ್ ಸುತ್ತಿ ಬಿಡೋ ಹಾಗಿಲ್ಲ.

ಪ್ರಶ್ನೆ: ದಾವಣಗೆರೆಯಿಂದ. ಹಳೆಯ ಎರ್ಟಿಗಾ ಸ್ಮಾರ್ಟ್ ಹೈಬ್ರಿಡ್ ತಗೊಂಡರೆ ಇದೇ ಬ್ಯಾಟರಿ ಖರ್ಚು ಬರುತ್ತದಾ?

ಉತ್ತರ: ಇಲ್ಲ. ಅದು ಮೈಲ್ಡ್ ಹೈಬ್ರಿಡ್. ಪೆಟ್ರೋಲ್ ಗಾಡಿಯಲ್ಲಿ ಮಾಮೂಲಿ ಬ್ಯಾಟರಿ ಜೊತೆ ಒಂದು ಸಣ್ಣ ಲಿಥಿಯಂ ಬ್ಯಾಟರಿ ಇರುತ್ತದೆ, ದೊಡ್ಡ ಹೈ ವೋಲ್ಟೇಜ್ ಪ್ಯಾಕ್ ಇಲ್ಲ. ಸಿಗ್ನಲ್‌ನಲ್ಲಿ ಇಂಜಿನ್ ತಾನೇ ನಿಂತು ತಾನೇ ಸ್ಟಾರ್ಟ್ ಆಗುತ್ತದಾ ನೋಡಿ. ಉಳಿದದ್ದೆಲ್ಲಾ ಸಾಮಾನ್ಯ ಪೆಟ್ರೋಲ್ ಕಾರು ನೋಡಿದ ಹಾಗೇ ನೋಡಿ. ಹೈಬ್ರಿಡ್ ಅನ್ನುವ ಹೆಸರಿಗೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ.

ಪ್ರಶ್ನೆ: ಅಪ್ಪನಿಗೆ ಅಂತ ಹಳೆಯ ಹೈಬ್ರಿಡ್ ತಗೊಂಡೆವು. ಮೈಸೂರಿನಲ್ಲಿ ಅವರು ವಾರಕ್ಕೆ ಒಂದು ದಿನ ಮಾತ್ರ ತೆಗೆಯುತ್ತಾರೆ. ಹೋದ ತಿಂಗಳು ಸ್ಟಾರ್ಟೇ ಆಗಲಿಲ್ಲ. ದೊಡ್ಡ ಬ್ಯಾಟರಿ ಹೋಯಿತಾ?

ಉತ್ತರ: ಬಹಳ ಮಟ್ಟಿಗೆ ಅಲ್ಲ, ಗಾಬರಿ ಆಗಬೇಡಿ. ಹೈಬ್ರಿಡ್‌ನಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದು ಇರುತ್ತದೆ. ಕಾರಿನ ಕಂಪ್ಯೂಟರ್‌ಗಳನ್ನು ಎಬ್ಬಿಸುವುದು ಅದೇ. ಅದು ಇಳಿದರೆ ದೊಡ್ಡ ಬ್ಯಾಟರಿ ಚೆನ್ನಾಗಿದ್ದರೂ "ರೆಡಿ" ಬರುವುದಿಲ್ಲ, ಕೆಲವೊಮ್ಮೆ ಸಂಬಂಧವೇ ಇಲ್ಲದ ಎಚ್ಚರಿಕೆ ದೀಪಗಳೂ ಹೊತ್ತಿಕೊಳ್ಳುತ್ತವೆ. ಮೊದಲು ಅದನ್ನು ಟೆಸ್ಟ್ ಮಾಡಿಸಿ, ವಯಸ್ಸಾಗಿದ್ದರೆ ಬದಲಿಸಿ. ಆಮೇಲೆ ಅಪ್ಪನಿಗೆ ಹೇಳಿ, ವಾರಕ್ಕೆ ಎರಡು ಸಲ ಅರ್ಧ ಗಂಟೆ ಓಡಿಸಲಿ. ಓಡಿಸಲು ಆಗದಿದ್ದರೆ ಬಯಲಿನಲ್ಲಿ ನಿಲ್ಲಿಸಿ ಬ್ರೇಕ್ ತುಳಿದು ಬಟನ್ ಒತ್ತಿ "ರೆಡಿ" ದೀಪ ಬಂದ ಮೇಲೆ ಅರ್ಧ ಗಂಟೆ ಬಿಡಲಿ. ಬ್ರೇಕ್ ತುಳಿಯದೆ ಬರೀ ಬಟನ್ ಒತ್ತಿ ರೇಡಿಯೋ ಕೇಳುತ್ತಾ ಕೂತರೆ ಅದೇ 12 ವೋಲ್ಟ್ ಬ್ಯಾಟರಿ ಇನ್ನೂ ಬೇಗ ಇಳಿಯುತ್ತದೆ.